ಡ್ಯುಯಲ್ ಬೂಟ್ ಕಂಪ್ಯೂಟರಿಗೆ ಹೊಸ ಡಿಸ್ಕ್: ವಿಂಡೋಸ್, ಲಿನಕ್ಸ್ ಎರಡನ್ನೂ ಇದ್ದ ಹಾಗೆಯೇ ವರ್ಗಾಯಿಸುವ ಕ್ರಮ

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡ ಅಧ್ಯಾಪಕರ ಮನೆಯ ಕಂಪ್ಯೂಟರಿನೊಳಗೆ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವುದು (ಇದನ್ನೇ ಡ್ಯುಯಲ್ ಬೂಟ್ ಎನ್ನುವುದು) ಹೊಸ ಸಂಗತಿಯಲ್ಲ. ಕೇರಳದ ಶಾಲೆಗಳಲ್ಲಿ ಐಟಿ ಪಾಠವೂ ಪ್ರಾಯೋಗಿಕ ಪರೀಕ್ಷೆಯೂ ನಡೆಯುವುದು ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಸಿದ್ಧಪಡಿಸಿಕೊಡುವ, ಉಬುಂಟು ಆಧಾರಿತ ಗ್ನೂ ಲಿನಕ್ಸ್‌ನಲ್ಲಿ. ನಾಳೆಯ ಪಾಠದ ತಯಾರಿಗೆ ಅದು ಮನೆಯಲ್ಲಿಯೂ ಬೇಕು. ಆದರೆ ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, ಯಕ್ಷಗಾನ ಸಂಘದ ಕರಪತ್ರ, ಗ್ರಂಥಾಲಯದ ವಾರ್ಷಿಕ ವರದಿ ಇವೆಲ್ಲ ವರ್ಷಗಳಿಂದ ನುಡಿ ಅಥವಾ ಬರಹದಲ್ಲಿ ಬೆರಳಚ್ಚಾಗಿ ವಿಂಡೋಸ್‌ನಲ್ಲಿ ಕುಳಿತಿವೆ. ಎರಡರಲ್ಲಿ ಯಾವುದನ್ನೂ ಬಿಡುವಂತಿಲ್ಲ.

ಇಂತಹ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹಳತಾಗಿ ನಿಧಾನವಾದಾಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಹೊಸ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿಸಿ, ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡಿಸಿ, ಫೈಲುಗಳನ್ನು ಮಾತ್ರ ನಕಲು ಮಾಡಿಕೊಳ್ಳಿ. ನನಗೆ ಇದು ಒಪ್ಪಿಗೆಯಿಲ್ಲ. ಹಳೆಯ ಆಸ್ಕಿ ವಿಧಾನದ ಕನ್ನಡ ಕಡತಗಳು ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಫಾಂಟ್ ಇಲ್ಲವಾದರೆ ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಗೋಜಲು ಉಳಿಯುತ್ತದೆ. ಪುಟವಿನ್ಯಾಸದ ಹಳೆಯ ತಂತ್ರಾಂಶದ ಸಿಡಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿರುವುದಿಲ್ಲ. ಪ್ರಿಂಟರ್, ಸ್ಕ್ಯಾನರ್, ಕೀಲಿಮಣೆ ವಿನ್ಯಾಸ ಎಲ್ಲವನ್ನೂ ಮತ್ತೆ ಹೊಂದಿಸಲು ದಿನಗಳೇ ಬೇಕು. ಇದ್ದುದನ್ನು ಇದ್ದ ಹಾಗೆಯೇ ಹೊಸ ಡಿಸ್ಕ್‌ಗೆ ತರುವುದು ಸಾಧ್ಯ, ಅದನ್ನು ಮನೆಯಲ್ಲಿಯೇ ಉಚಿತ ತಂತ್ರಾಂಶಗಳಿಂದ ಮಾಡಬಹುದು. ವರ್ಗಾವಣೆಯ ಕೆಲಸಕ್ಕೆ ಟರ್ಮಿನಲ್‌ನಲ್ಲಿ ಆದೇಶ ಬರೆಯುವ ಅಗತ್ಯವೂ ಇಲ್ಲ.

ಒಂದು ಎಚ್ಚರಿಕೆ ಮೊದಲೇ ಹೇಳುತ್ತೇನೆ. ಇದು ನಿಮ್ಮ ಸ್ವಂತ ಕಂಪ್ಯೂಟರಿಗೆ ಮಾತ್ರ. ಹೈಟೆಕ್ ಯೋಜನೆಯಲ್ಲಿ ಶಾಲೆಗೆ ಬಂದ ಲ್ಯಾಪ್‌ಟಾಪನ್ನು ನೀವೇ ಬಿಚ್ಚಬೇಡಿ. ಅದರ ದುರಸ್ತಿಗೆ ಬೇರೆಯೇ ದಾರಿಯಿದೆ.

ಒಂದು ನಿಯಮ

ಅಂತರ್ಜಾಲದಲ್ಲಿ ಸಿಗುವ ಹೆಚ್ಚಿನ ವಿವರಣೆಗಳು ಹಳೆಯ ಡಿಸ್ಕ್ ಮತ್ತು ಹೊಸ ಡಿಸ್ಕ್ ಎರಡನ್ನೂ ಒಟ್ಟಿಗೆ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ನೇರವಾಗಿ ಕ್ಲೋನ್ ಮಾಡಲು, ಅಂದರೆ ಇಡಿಯಾಗಿ ನಕಲು ಮಾಡಲು ಹೇಳುತ್ತವೆ. ಅದರಿಂದ ಕೆಲಸ ಬೇಗ ಮುಗಿಯುತ್ತದೆ ನಿಜ. ಆದರೆ ಈ ಕೆಲಸದಲ್ಲಿ ಆಗಬಹುದಾದ ದೊಡ್ಡ ಅನಾಹುತಗಳು ಬರುವುದೂ ಅಲ್ಲಿಂದಲೇ. ಮೂಲ ಯಾವುದು, ಗುರಿ ಯಾವುದು ಎಂದು ಒಮ್ಮೆ ಅದಲುಬದಲಾದರೆ ಖಾಲಿ ಡಿಸ್ಕ್ ಬಂದು ತುಂಬಿದ ಡಿಸ್ಕಿನ ಮೇಲೆ ಕುಳಿತುಕೊಳ್ಳುತ್ತದೆ. ಆಮೇಲೆ ಯಾರೂ ಏನೂ ಮಾಡಲಾರರು. ಕ್ಲೋನ್ ಸರಿಯಾಗಿ ಮುಗಿದರೂ ಒಂದೇ ಗುರುತಿನ ಎರಡು ಡಿಸ್ಕ್‌ಗಳು ಒಂದೇ ಯಂತ್ರದಲ್ಲಿ ಇರುವುದರಿಂದ ಮೊದಲ ಬೂಟ್‌ನಲ್ಲೇ, ಅಂದರೆ ಯಂತ್ರ ಏಳುವಾಗಲೇ ಗೊಂದಲ ಶುರುವಾಗುತ್ತದೆ.

ಆದ್ದರಿಂದ ನಾನು ಹೇಳುವ ಕ್ರಮ ಬೇರೆ. ಹಳೆಯ ಡಿಸ್ಕ್ ಮತ್ತು ಹೊಸ ಡಿಸ್ಕ್ ಯಾವ ಕ್ಷಣದಲ್ಲಿಯೂ ಒಟ್ಟಿಗೆ ಒಂದು ಕಂಪ್ಯೂಟರಿಗೆ ಜೋಡಣೆಯಾಗಿರಬಾರದು. ನಡುವೆ ಒಂದು ಯುಎಸ್‌ಬಿ ಹಾರ್ಡ್ ಡಿಸ್ಕ್ ಇಟ್ಟುಕೊಂಡು, ಹಳೆಯದರ ಪೂರ್ಣ ಇಮೇಜ್ (ಇಡೀ ಡಿಸ್ಕಿನ ಪಡಿಯಚ್ಚನ್ನು ಕಡತವಾಗಿ ಉಳಿಸಿದ್ದು) ಅದಕ್ಕೆ ತೆಗೆದು, ಹಳೆಯದನ್ನು ಬಿಚ್ಚಿ ಎತ್ತಿಟ್ಟು, ಹೊಸದನ್ನು ಕೂರಿಸಿ, ಆ ಇಮೇಜನ್ನು ಹೊಸದರ ಮೇಲೆ ಇಳಿಸಬೇಕು. ಇದಕ್ಕೆ ಹೆಚ್ಚುವರಿಯಾಗಿ ಒಂದೆರಡು ಗಂಟೆ ಹಿಡಿಯುತ್ತದೆ. ಪ್ರತಿಯಾಗಿ ನಿಮ್ಮ ಬಳಿ ಮೂರು ಪ್ರತಿಗಳು ಉಳಿಯುತ್ತವೆ: ಮುಟ್ಟದ ಹಳೆಯ ಡಿಸ್ಕ್, ಇಮೇಜ್, ಹೊಸ ಡಿಸ್ಕ್. ಮಧ್ಯೆ ಕರೆಂಟು ಹೋದರೂ ಕೈ ತಪ್ಪಿದರೂ ಹಿಂದಿನ ಹಂತದಿಂದ ಮತ್ತೆ ಶುರು ಮಾಡಿದರಾಯಿತು.

ಕೊಳ್ಳುವ ಮೊದಲು

ಹೊಸ ಡಿಸ್ಕ್ ಹಳೆಯದಕ್ಕಿಂತ ದೊಡ್ಡದಿರಬೇಕು, ಕನಿಷ್ಠ ಅಷ್ಟೇ ಇರಬೇಕು. ಇಲ್ಲಿ ಒಂದು ಮೋಸದ ಸಂಖ್ಯೆಯಿದೆ. ಹಳೆಯ ಹಾರ್ಡ್ ಡಿಸ್ಕ್ 500 ಜಿಬಿ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಎಸ್‌ಎಸ್‌ಡಿ 480 ಜಿಬಿ. ಹೆಚ್ಚುಕಡಿಮೆ ಒಂದೇ ಎಂದು ತೋರುತ್ತದೆ. ವಿಂಡೋಸ್ ಲೆಕ್ಕದಲ್ಲಿ ಮೊದಲನೆಯದು ಸುಮಾರು 465 ಜಿಬಿ, ಎರಡನೆಯದು 447. ಡಿಸ್ಕಿನಲ್ಲಿ ಅರ್ಧ ಜಾಗ ಖಾಲಿಯಿದ್ದರೂ ಇಮೇಜ್ ಇಳಿಯುವುದಿಲ್ಲ, ಏಕೆಂದರೆ ಕೊನೆಯ ಪಾರ್ಟಿಷನ್ (ಡಿಸ್ಕಿನ ವಿಭಾಗ) ಹೊಸ ಡಿಸ್ಕಿನ ಅಂಚನ್ನು ದಾಟಿ ಹೋಗಿರುತ್ತದೆ. ಪಾರ್ಟಿಷನ್‌ಗಳನ್ನು ಮೊದಲೇ ಕುಗ್ಗಿಸಿ ಹೊಂದಿಸುವ ಉಪಾಯಗಳಿವೆ. ಆದರೆ ಆ ಕುಗ್ಗಿಸುವ ಕೆಲಸವನ್ನು ಹಳೆಯ ಡಿಸ್ಕಿನ ಮೇಲೆಯೇ ಮಾಡಬೇಕಾಗುತ್ತದೆ, ಅಂದರೆ ಇರುವ ಒಂದೇ ಪ್ರತಿಯನ್ನು ಅಪಾಯಕ್ಕೆ ಒಡ್ಡಬೇಕಾಗುತ್ತದೆ. 500ರ ಬದಲಿಗೆ 512 ಅಥವಾ 1000 ಜಿಬಿಯದನ್ನು ಕೊಳ್ಳಿ. ಉಳಿಸುವ ಹಣಕ್ಕಿಂತ ತೆಗೆದುಕೊಳ್ಳುವ ಅಪಾಯ ದೊಡ್ಡದು.

ಎರಡನೆಯ ಪ್ರಶ್ನೆ ಎಸ್‌ಎಸ್‌ಡಿಯ ಬಗೆ. ಹಳೆಯ ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲಿಯೇ ಕೂರುವುದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ. ಬೋರ್ಡಿನ ಮೇಲೆಯೇ ಸ್ಕ್ರೂ ಹಾಕಿ ಕೂರಿಸುವ ಚಿಕ್ಕ ಪಟ್ಟಿಯಂತಹದು ಎಂ.2. ಎಂ.2 ಆಕಾರದಲ್ಲಿಯೂ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬಗೆಗಳಿವೆ. ನಿಮ್ಮ ಬೋರ್ಡ್ ಯಾವುದನ್ನು ಒಪ್ಪುತ್ತದೆ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಂಡೇ ಅಂಗಡಿಗೆ ಹೋಗಬೇಕು. ಎನ್‌ವಿಎಂಇ ಬಹಳ ವೇಗದ್ದು. ಆದರೆ ಹತ್ತು ಹನ್ನೆರಡು ವರ್ಷ ಹಳೆಯ ಯಂತ್ರಗಳಲ್ಲಿ ಹೆಚ್ಚಿನವು ಅದರಿಂದ ಬೂಟ್ ಆಗಲಾರವು. ಅಂತಹ ಯಂತ್ರಕ್ಕೆ ಸಾಟಾ ಎಸ್‌ಎಸ್‌ಡಿಯೇ ಸರಿ. ಹಾರ್ಡ್ ಡಿಸ್ಕ್ ಬಳಸಿ ಅಭ್ಯಾಸವಾದವರಿಗೆ ಅದೇ ಬೇಕಾದಷ್ಟು ವೇಗವಾಗಿ ತೋರುತ್ತದೆ.

ಇದರ ಜೊತೆಗೆ ಬೇಕಾಗುವುದು ಒಂದು ಯುಎಸ್‌ಬಿ ಹಾರ್ಡ್ ಡಿಸ್ಕ್ ಮತ್ತು 8 ಜಿಬಿಯ ಖಾಲಿ ಪೆನ್‌ಡ್ರೈವ್. ಹಳೆಯ ಡಿಸ್ಕಿನಲ್ಲಿ ಎಷ್ಟು ಜಾಗ ಬಳಕೆಯಾಗಿದೆಯೋ ಅಷ್ಟು ಖಾಲಿ ಜಾಗ ಯುಎಸ್‌ಬಿ ಡಿಸ್ಕಿನಲ್ಲಿ ಇರಲಿ. ಇಮೇಜ್ ಸಂಕುಚಿತವಾಗುವುದರಿಂದ ಅಷ್ಟು ಬೇಡ ಎನ್ನುವವರಿದ್ದಾರೆ. ಆದರೆ ತಾಳಮದ್ದಳೆಯ ಎಂಪಿ3 ಧ್ವನಿಮುದ್ರಣಗಳು, ಮದುವೆಯ ವಿಡಿಯೋ, ಮೊಬೈಲ್ ಚಿತ್ರಗಳು ಮೊದಲೇ ಸಂಕುಚಿತವಾಗಿರುವ ಕಡತಗಳು; ಅವು ಇನ್ನಷ್ಟು ಕುಗ್ಗುವುದಿಲ್ಲ.

ಹಳೆಯ ಡಿಸ್ಕಿನ ಆರೋಗ್ಯ

ಡಿಸ್ಕ್ ಸಾಯುವ ಸ್ಥಿತಿಯಲ್ಲಿದ್ದರೆ ಕೆಲಸದ ಕ್ರಮವೇ ಬದಲಾಗಬೇಕು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ, ಉಬುಂಟುವಿನಲ್ಲಿ ಡಿಸ್ಕ್ಸ್ ಎಂಬ ಉಪಕರಣ ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ಸ್ಮಾರ್ಟ್ ವರದಿಯನ್ನು ತೋರಿಸುತ್ತವೆ. ಅದರಲ್ಲಿ ಎರಡು ಸಾಲುಗಳನ್ನು ನೋಡಿ: ರೀಅಲೊಕೇಟೆಡ್ ಸೆಕ್ಟರ್ ಮತ್ತು ಕರೆಂಟ್ ಪೆಂಡಿಂಗ್ ಸೆಕ್ಟರ್. ಎರಡರ ಮೂಲ ಅಂಕಿಯೂ ಸೊನ್ನೆಯಾಗಿದ್ದರೆ ನಿಶ್ಚಿಂತೆಯಿಂದ ಮುಂದುವರಿಯಿರಿ. ಪೆಂಡಿಂಗ್ ಎಂಬಲ್ಲಿ ಅಂಕಿ ಕಂಡರೆ ಡಿಸ್ಕಿನ ಕೆಲವು ಜಾಗಗಳನ್ನು ಓದಲು ಆಗುತ್ತಿಲ್ಲ ಎಂದು ಅರ್ಥ. ಆಗ ಇಮೇಜ್ ವಿಚಾರ ಬಿಟ್ಟು, ಮೊದಲು ಮುಖ್ಯ ಕಡತಗಳನ್ನು ಯುಎಸ್‌ಬಿ ಡಿಸ್ಕಿಗೆ ನಕಲು ಮಾಡಿ. ಹಾಳಾಗುತ್ತಿರುವ ಡಿಸ್ಕ್ ಪ್ರತಿ ಗಂಟೆಯ ಓಟಕ್ಕೂ ಇನ್ನಷ್ಟು ಹಾಳಾಗಬಹುದು.

ಡಿಸ್ಕ್ ಚೆನ್ನಾಗಿದ್ದರೂ ಕೆಲವು ಕಡತಗಳನ್ನು ಪ್ರತ್ಯೇಕವಾಗಿ ನಕಲು ಮಾಡಿಡಬೇಕು. ಇಮೇಜಿನ ಒಳಗಿಂದ ಒಂದೇ ಒಂದು ಫೈಲನ್ನು ಹೊರತೆಗೆಯುವುದು ತ್ರಾಸದ ಕೆಲಸ. ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಎಲ್ಲರಿಗೂ ನೆನಪಾಗುತ್ತವೆ. ಮರೆಯುವುದು ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರನ್ನು. ಅದನ್ನು ಇಡಿಯಾಗಿ ನಕಲು ಮಾಡಿ. ನುಡಿ, ಬರಹದ ಫಾಂಟ್‌ಗಳೂ ಯಾರೋ ಮುದ್ರಣಾಲಯದವರು ಕೊಟ್ಟಿದ್ದ ಹೆಸರಿಲ್ಲದ ಫಾಂಟ್‌ಗಳೂ ಅಲ್ಲಿರುತ್ತವೆ. ಲಿನಕ್ಸ್ ಕಡೆಯಲ್ಲಿ ನಿಮ್ಮ ಹೋಮ್ ಫೋಲ್ಡರನ್ನು ತೆರೆದು ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಡಗಿರುವ ಫೋಲ್ಡರುಗಳೂ ಕಾಣುತ್ತವೆ. ಬ್ರೌಸರಿನ ಬುಕ್‌ಮಾರ್ಕ್‌ಗಳು, ಅಂಚೆ ತಂತ್ರಾಂಶದ ಪತ್ರಗಳು ಇರುವುದು ಅವುಗಳಲ್ಲಿ.

ವಿಂಡೋಸ್ ಕಡೆಯ ಸಿದ್ಧತೆ

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ.

ಮೊದಲನೆಯದು ಎನ್‌ಕ್ರಿಪ್ಷನ್. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ತಾನಾಗಿಯೇ ಡಿಸ್ಕನ್ನು ಗೂಢಲಿಪಿಗೆ ತಿರುಗಿಸಿರುತ್ತದೆ. ಮಾಲೀಕರಿಗೆ ಅದು ತಿಳಿದಿರುವುದೇ ಇಲ್ಲ. ಸೆಟ್ಟಿಂಗ್ಸ್‌ನ ಪ್ರೈವೆಸಿ ಅಂಡ್ ಸೆಕ್ಯುರಿಟಿ ವಿಭಾಗದಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ಆನ್ ಆಗಿದೆಯೇ ನೋಡಿ. ಆಗಿದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಆಮೇಲೆ ಎನ್‌ಕ್ರಿಪ್ಷನ್ ಆಫ್ ಮಾಡಿ. ಬಿಡಿಸುವ ಕೆಲಸ ಪೂರ್ತಿಯಾಗಲು ಗಂಟೆಗಟ್ಟಲೆ ಹಿಡಿಯಬಹುದು. ಮುಗಿಯುವ ತನಕ ಕಾಯಿರಿ. ಗೂಢಲಿಪಿಯಲ್ಲಿರುವ ಪಾರ್ಟಿಷನ್‌ನಲ್ಲಿ ಬಳಕೆಯಾದ ಜಾಗ ಯಾವುದು, ಖಾಲಿ ಯಾವುದು ಎಂದು ಇಮೇಜ್ ತಂತ್ರಾಂಶಕ್ಕೆ ಗೊತ್ತಾಗದೆ ಅದು ಇಡೀ ಪಾರ್ಟಿಷನ್ನನ್ನೇ ಎತ್ತಿಕೊಳ್ಳಬೇಕಾಗುತ್ತದೆ.

ಎರಡನೆಯದು ಫಾಸ್ಟ್ ಸ್ಟಾರ್ಟಪ್. ಇದು ಆನ್ ಆಗಿದ್ದರೆ ನೀವು ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ; ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು ಅರೆನಿದ್ರೆಗೆ ಹೋಗುತ್ತದೆ. ಆ ಸ್ಥಿತಿಯಲ್ಲಿರುವ ಪಾರ್ಟಿಷನ್ನಿನ ಇಮೇಜ್ ತೆಗೆಯಲು ತಂತ್ರಾಂಶ ನಿರಾಕರಿಸುತ್ತದೆ. ಲಿನಕ್ಸ್‌ನಿಂದ ವಿಂಡೋಸ್ ಡ್ರೈವ್‌ಗೆ ಫೈಲ್ ಬರೆಯಲು ಆಗುವುದಿಲ್ಲ ಎಂಬ ಡ್ಯುಯಲ್ ಬೂಟ್ ಬಳಕೆದಾರರ ಹಳೆಯ ದೂರಿಗೂ ಹೆಚ್ಚಾಗಿ ಇದೇ ಕಾರಣ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಏನು ಮಾಡಬೇಕು ಎಂಬ ಕೊಂಡಿಯ ಒಳಗೆ ಇದರ ಗುರುತಿದೆ. ತೆಗೆದುಹಾಕಿ, ಮುಂದೆಯೂ ಹಾಗೆಯೇ ಇರಲಿ. ಎಸ್‌ಎಸ್‌ಡಿ ಬಂದ ಮೇಲೆ ಇದರ ಅಗತ್ಯ ಬೀಳುವುದಿಲ್ಲ.

ಮೂರನೆಯದು, ಸಿ ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ಟೂಲ್ಸ್ ಎಂಬಲ್ಲಿ ದೋಷ ಪರೀಕ್ಷೆ. ಒಮ್ಮೆ ನಡೆಸಿ.

ನಾಲ್ಕನೆಯದು ಸಾಟಾ ಡಿಸ್ಕಿನಿಂದ ಎನ್‌ವಿಎಂಇಗೆ ಹೋಗುವವರಿಗೆ ಮಾತ್ರ. ವಿಂಡೋಸ್‌ನ ಒಳಗೆ ಎನ್‌ವಿಎಂಇ ಡ್ರೈವರ್ ಇದ್ದರೂ, ಆ ಬಗೆಯ ಡಿಸ್ಕ್ ಎಂದೂ ಕಂಡಿರದ ಯಂತ್ರದಲ್ಲಿ ಅದು ಬೂಟ್ ಹೊತ್ತಿಗೆ ಎಚ್ಚರಗೊಳ್ಳದೆ ಇರಬಹುದು. ಆಗ ನೀಲಿ ತೆರೆಯ ಮೇಲೆ ಬೂಟ್ ಡಿವೈಸ್ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. ಇದನ್ನು ತಪ್ಪಿಸುವ ಉಪಾಯವಿದೆ. ಸಿಸ್ಟಂ ಕಾನ್ಫಿಗರೇಷನ್ ತೆರೆದು, ಬೂಟ್ ಎಂಬಲ್ಲಿ ಸೇಫ್ ಬೂಟ್ ಗುರುತು ಹಾಕಿ, ಮತ್ತೆ ಆನ್ ಮಾಡದೆ ಶಟ್‌ಡೌನ್ ಮಾಡಿ. ಹೊಸ ಡಿಸ್ಕಿನಲ್ಲಿ ವಿಂಡೋಸ್ ಮೊದಲು ಸೇಫ್ ಮೋಡ್‌ನಲ್ಲಿ ಏಳುತ್ತದೆ, ಡ್ರೈವರನ್ನು ಗುರುತಿಸಿಕೊಳ್ಳುತ್ತದೆ. ಆಮೇಲೆ ಅದೇ ಗುರುತನ್ನು ತೆಗೆದು ಮತ್ತೆ ಆರಂಭಿಸಿದರೆ ಎಲ್ಲವೂ ಮಾಮೂಲು. ಸೇಫ್ ಮೋಡ್‌ನಲ್ಲಿ ನಾಲ್ಕಂಕಿಯ ಪಿನ್ ಕೆಲಸ ಮಾಡದೆ ಹೋಗಬಹುದಾದ್ದರಿಂದ ಪೂರ್ಣ ಪಾಸ್‌ವರ್ಡ್ ನೆನಪಿರಲಿ.

ವಿಂಡೋಸ್ ಲೈಸೆನ್ಸ್ ಬಗ್ಗೆ ಹಲವರು ಆತಂಕಪಡುತ್ತಾರೆ. ಯಂತ್ರದ ಜೊತೆ ಬಂದ ಡಿಜಿಟಲ್ ಲೈಸೆನ್ಸ್‌ನ ನಂಟು ಮುಖ್ಯವಾಗಿ ಮದರ್‌ಬೋರ್ಡಿನೊಂದಿಗೆ. ಡಿಸ್ಕ್ ಬದಲಾದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಲಿನಕ್ಸ್ ಕಡೆಯಲ್ಲಿ ಮಾಡಬೇಕಾದುದು ಬಹುತೇಕ ಏನೂ ಇಲ್ಲ. ಬಾಕಿ ಇರುವ ಅಪ್‌ಡೇಟ್‌ಗಳನ್ನು ಮುಗಿಸಿ, ಸರಿಯಾಗಿ ಶಟ್‌ಡೌನ್ ಮಾಡಿ, ಅಷ್ಟೇ.

ಪೆನ್‌ಡ್ರೈವ್ ಸಿದ್ಧಪಡಿಸುವುದು

ಇಮೇಜ್ ತೆಗೆಯಲು ಕ್ಲೋನ್‌ಜಿಲ್ಲಾ ಬಹಳ ಕಾಲದಿಂದ ಪ್ರಸಿದ್ಧ. ಆದರೆ ಅದರ ನೀಲಿ ತೆರೆಯ ಸರಣಿ ಪ್ರಶ್ನೆಗಳು ಹೊಸಬರನ್ನು ಹೆದರಿಸುತ್ತವೆ. ಅದರ ತಂತ್ರವನ್ನೇ ಬಳಸುವ, ಮೌಸ್‌ನಿಂದ ನಡೆಸಬಹುದಾದ ರೆಸ್ಕ್ಯೂಜಿಲ್ಲಾ ಮನೆಯ ಬಳಕೆಗೆ ಹೆಚ್ಚು ಸೂಕ್ತ. ಅದರ ಐಎಸ್‌ಒ ಫೈಲನ್ನು ಇಳಿಸಿಕೊಂಡು, ವಿಂಡೋಸ್‌ನಲ್ಲಿ ರೂಫಸ್ ಅಥವಾ ಬಲೇನಾ ಎಚರ್ ಬಳಸಿ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ.

ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಬೂಟ್ ಮೆನುವಿನ ಕೀಲಿಯನ್ನು ಒತ್ತುತ್ತ ಇರಬೇಕು. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪಟ್ಟಿಯಲ್ಲಿ ಪೆನ್‌ಡ್ರೈವ್‌ನ ಹೆಸರು ಎರಡು ಸಲ ಕಂಡರೆ, ಯುಇಎಫ್‌ಐ (ಹೊಸ ಯಂತ್ರಗಳು ಏಳುವ ವಿಧಾನ) ಎಂದು ಬರೆದಿರುವುದನ್ನು ಹೊಸ ಯಂತ್ರದವರು ಆರಿಸಬೇಕು. ಪೆನ್‌ಡ್ರೈವ್‌ನಿಂದ ಏಳದೆ ಹೋದರೆ ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ಸೆಟ್ಟಿಂಗನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಕೆಲಸ ಮುಗಿದ ಮೇಲೆ ಮತ್ತೆ ಹಾಕಿ.

ಇಮೇಜ್ ತೆಗೆಯಲು ಹೊತ್ತು ನೋಡಿ

ನಮ್ಮ ಕಡೆ ಈ ಕೆಲಸಕ್ಕೆ ಬೆಳಗಿನ ಹೊತ್ತೇ ಒಳ್ಳೆಯದು. ಎಪ್ರಿಲ್, ಮೇ ತಿಂಗಳ ಬೇಸಗೆ ಮಳೆಯಲ್ಲಿಯೂ ಅಕ್ಟೋಬರ್, ನವೆಂಬರ್‌ನ ತುಲಾವರ್ಷದಲ್ಲಿಯೂ ಸಿಡಿಲು ಮಿಂಚು ಜೋರಾಗುವುದು ಹೆಚ್ಚಾಗಿ ಮಧ್ಯಾಹ್ನದ ನಂತರ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅಡಿಕೆ ತೋಟಗಳ ನಡುವೆ ವಿದ್ಯುತ್ ತಂತಿ ಹಾದುಬರುವ ಮನೆಗಳಲ್ಲಿ ಗಾಳಿ ಬೀಸಿದರೂ ಕರೆಂಟು ಹೋಗಬಹುದು. ಆಟಿ ತಿಂಗಳ ಮಳೆಯಲ್ಲಂತೂ ಅದು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ, ಚಾರ್ಜರ್ ಇನ್ವರ್ಟರ್ ಇರುವ ಪಾಯಿಂಟಿನಲ್ಲಿರಲಿ. ಡೆಸ್ಕ್‌ಟಾಪ್‌ನ ಸಣ್ಣ ಯುಪಿಎಸ್ ಸರಿಯಾಗಿ ಮುಚ್ಚಲು ಬೇಕಾದ ಕೆಲವು ನಿಮಿಷ ಕೊಡುತ್ತದೆಯೇ ಹೊರತು ಇಡೀ ಕೆಲಸಕ್ಕೆ ಸಾಲದು. ಬ್ರಾಡ್‌ಬ್ಯಾಂಡ್ ಕೇಬಲನ್ನು ಕಳಚಿಡಿ. ಇಮೇಜ್ ತೆಗೆಯಲು ಅಂತರ್ಜಾಲ ಬೇಡ, ಸಿಡಿಲಿನ ಹೊಡೆತ ಎಷ್ಟೋ ಸಲ ಆ ತಂತಿಯ ಮೂಲಕವೇ ಒಳಗೆ ಬರುತ್ತದೆ.

ಯುಎಸ್‌ಬಿ ಡಿಸ್ಕನ್ನು ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿ. ಒಳಗೆ ನೀಲಿ ಬಣ್ಣ ಇರುವುದು ಸಾಮಾನ್ಯವಾಗಿ ಅದೇ. ಬಳಕೆಯಾದ ಜಾಗ 300 ಜಿಬಿ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 90 ಎಂಬಿ ವೇಗದಲ್ಲಿ ಹಳೆಯ ಡಿಸ್ಕನ್ನು ಓದಿದರೆ ಸುಮಾರು ಒಂದು ಗಂಟೆ. ಅದೇ ಕೆಲಸ ಯುಎಸ್‌ಬಿ 2 ಪೋರ್ಟಿನಲ್ಲಿ ಎರಡೂವರೆ ಗಂಟೆಗೂ ಮಿಕ್ಕಿ ಎಳೆಯುತ್ತದೆ.

ರೆಸ್ಕ್ಯೂಜಿಲ್ಲಾದಲ್ಲಿ ಬ್ಯಾಕಪ್ ಆರಿಸಿ. ಮೂಲವಾಗಿ ಒಳಗಿನ ಡಿಸ್ಕನ್ನು ತೋರಿಸಿ. ಗುರುತಿಸುವುದು ಗಾತ್ರ ಮತ್ತು ಮಾಡೆಲ್ ಹೆಸರಿನಿಂದ ಇರಲಿ, ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳಿಂದ ಬೇಡ. ಆ ಹೆಸರುಗಳು ಒಂದು ಬೂಟ್‌ನಿಂದ ಇನ್ನೊಂದಕ್ಕೆ ಅದಲುಬದಲಾಗಬಹುದು. ಮುಂದಿನ ಪುಟದಲ್ಲಿ ಪಾರ್ಟಿಷನ್‌ಗಳ ಪಟ್ಟಿ ಬರುತ್ತದೆ. ಎಲ್ಲವನ್ನೂ ಆರಿಸಿ. 100 ಅಥವಾ 260 ಎಂಬಿಯ ಚಿಕ್ಕ ಪಾರ್ಟಿಷನ್ ಕಂಡು ಇದು ಬೇಡವೆಂದು ಬಿಡುವವರಿದ್ದಾರೆ. ಯುಇಎಫ್‌ಐ ಯಂತ್ರದಲ್ಲಿ ಎರಡೂ ಸಿಸ್ಟಂಗಳನ್ನು ಎಬ್ಬಿಸುವ ಕಡತಗಳು ಇರುವುದು ಅದೇ ಇಎಫ್‌ಐ ಪಾರ್ಟಿಷನ್ನಿನಲ್ಲಿ.

ಕೆಲಸ ಮುಗಿದ ಕೂಡಲೇ ವೆರಿಫೈ ಬಟನ್ ಒತ್ತಿ ಇಮೇಜನ್ನು ಪರೀಕ್ಷಿಸಿ. ಬೇಸರವೆಂದು ಈ ಹಂತವನ್ನು ಬಿಡಬೇಡಿ. ಓದಲಾಗದ ಇಮೇಜ್ ಇದ್ದೂ ಇಲ್ಲದ ಹಾಗೆ, ಅದು ತಿಳಿಯಬೇಕಾದುದು ಹಳೆಯ ಡಿಸ್ಕ್ ಇನ್ನೂ ಒಳಗಿರುವಾಗಲೇ.

ಡಿಸ್ಕ್ ಬದಲಿಸುವುದು

ಪೂರ್ತಿ ಆಫ್ ಮಾಡಿ, ಪ್ಲಗ್ ಕಳಚಿ. ಲ್ಯಾಪ್‌ಟಾಪಿನ ಬ್ಯಾಟರಿ ಬೇರ್ಪಡಿಸುವಂತಿದ್ದರೆ ಬೇರ್ಪಡಿಸಿ. ಪವರ್ ಬಟನ್ನನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ, ಉಳಿದ ವಿದ್ಯುತ್ ಇಳಿಯುತ್ತದೆ. ಯಾವುದಾದರೂ ಲೋಹದ ವಸ್ತುವನ್ನು ಮುಟ್ಟಿ ಆಮೇಲೆ ಕೈ ಹಾಕಿ. ಸ್ಕ್ರೂಗಳನ್ನು ತೆಗೆದ ಕ್ರಮದಲ್ಲಿಯೇ ಕಾಗದದ ಮೇಲೆ ಇಡಿ, ಉದ್ದ ಗಿಡ್ಡ ಬೆರೆತರೆ ಬೋರ್ಡಿಗೇ ಅಪಾಯ. ಹಳೆಯ ಡಿಸ್ಕಿನ ಮೇಲೆ ತಾರೀಕು ಬರೆದ ಚೀಟಿ ಅಂಟಿಸಿ ಬದಿಗಿಡಿ.

ಹೊಸದನ್ನು ಕೂರಿಸಿ, ಯುಎಸ್‌ಬಿ ಡಿಸ್ಕ್ ಮತ್ತು ಪೆನ್‌ಡ್ರೈವ್ ಜೋಡಿಸಿ, ಮತ್ತೆ ರೆಸ್ಕ್ಯೂಜಿಲ್ಲಾ ತೆರೆಯಿರಿ. ಈ ಸಲ ರಿಸ್ಟೋರ್. ಇಮೇಜ್ ಆರಿಸಿ, ಗುರಿಯಾಗಿ ಹೊಸ ಡಿಸ್ಕ್ ಆರಿಸಿ, ಪಾರ್ಟಿಷನ್ ಟೇಬಲ್ ಬರೆಯುವ ಗುರುತು ಇರಲಿ. ಕಂಪ್ಯೂಟರಿನ ಒಳಗೆ ಈಗ ಇರುವುದು ಒಂದೇ ಡಿಸ್ಕ್. ಗಮನಿಸಬೇಕಾದುದು ಯುಎಸ್‌ಬಿ ಡಿಸ್ಕನ್ನು ಗುರಿಯಾಗಿ ಆರಿಸದಿರುವುದು ಮಾತ್ರ.

ಮೊದಲ ಬೂಟ್

ರಿಸ್ಟೋರ್ ಮುಗಿದ ಮೇಲೆ ಪೆನ್‌ಡ್ರೈವ್, ಯುಎಸ್‌ಬಿ ಡಿಸ್ಕ್ ಎರಡನ್ನೂ ತೆಗೆದು ಯಂತ್ರವನ್ನು ಆನ್ ಮಾಡಿ. ಹೆಚ್ಚಿನ ಸಲ ಯಾವ ಸಿಸ್ಟಂ ಏಳಬೇಕೆಂದು ಕೇಳುವ ಹಳೆಯ ಗ್ರಬ್ ಮೆನುವೇ ಕಾಣಿಸಿಕೊಳ್ಳುತ್ತದೆ. ಇದು ಹೇಗೆ ಸಾಧ್ಯ ಎಂದು ತಿಳಿದಿರುವುದು ಒಳ್ಳೆಯದು, ಏಕೆಂದರೆ ಆಗದಿದ್ದಾಗ ಎಲ್ಲಿ ನೋಡಬೇಕೆಂಬುದೂ ಅದರಿಂದಲೇ ತಿಳಿಯುತ್ತದೆ. ಲಿನಕ್ಸ್ ತನ್ನ ಪಾರ್ಟಿಷನ್‌ಗಳನ್ನು ಹುಡುಕುವುದು ಯುಯುಐಡಿ ಎಂಬ ಉದ್ದನೆಯ ಗುರುತಿನಿಂದ. ಪಂಚಾಯತು ಮನೆ ನಂಬರು ಬದಲಿಸಿದರೂ ನಮ್ಮ ಕಡೆ ಅಂಚೆಯವರು ಮನೆಯ ಹೆಸರು ನೋಡಿ ಕಾಗದ ತಲುಪಿಸುತ್ತಾರಲ್ಲ, ಹಾಗೆಯೇ ಇದು. ಇಡೀ ಡಿಸ್ಕಿನ ಇಮೇಜ್ ಇಳಿಸಿದಾಗ ಆ ಗುರುತುಗಳೂ ಜೊತೆಗೆ ಬರುತ್ತವೆ, ಯಾವ ಸೆಟ್ಟಿಂಗ್ ಕಡತವನ್ನೂ ತಿದ್ದಬೇಕಾಗುವುದಿಲ್ಲ. ಹಳೆಯ ಡಿಸ್ಕನ್ನೂ ಒಟ್ಟಿಗೆ ಜೋಡಿಸಿದರೆ ಒಂದೇ ಗುರುತಿನ ಎರಡು ಪಾರ್ಟಿಷನ್‌ಗಳಾಗಿ, ಯಾವುದು ತೆರೆದುಕೊಂಡಿದೆ ಎಂದು ನಿಮಗೂ ತಿಳಿಯದೆ ಹೋಗುತ್ತದೆ.

ಮೆನು ಬಾರದೆ ನೇರವಾಗಿ ವಿಂಡೋಸ್ ಎದ್ದರೆ ಗಾಬರಿಯಾಗಬೇಡಿ. ಲಿನಕ್ಸ್ ಎಲ್ಲಿಯೂ ಹೋಗಿಲ್ಲ. ಯಾವ ಕಡತದಿಂದ ಬೂಟ್ ಆಗಬೇಕು ಎಂಬ ಪಟ್ಟಿಯನ್ನು ಯುಇಎಫ್‌ಐ ಮದರ್‌ಬೋರ್ಡಿನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಹಳೆಯ ಡಿಸ್ಕ್ ತೆಗೆದಾಗ ಕೆಲವು ಯಂತ್ರಗಳು ಆ ನಮೂದನ್ನು ಅಳಿಸಿಬಿಡುತ್ತವೆ. ಮೊದಲು ಮದರ್‌ಬೋರ್ಡಿನ ಫರ್ಮ್‌ವೇರ್ (ಬಯೋಸ್) ಸೆಟ್ಟಿಂಗ್ಸ್‌ಗೆ ಹೋಗಿ ಬೂಟ್ ಪಟ್ಟಿಯಲ್ಲಿ ಉಬುಂಟು ಎಂಬ ಹೆಸರಿದೆಯೇ ನೋಡಿ. ಇದ್ದರೆ ಅದನ್ನು ಮೇಲಕ್ಕೆ ತಂದರೆ ಮುಗಿಯಿತು. ಇಲ್ಲವಾದರೆ ಉಬುಂಟು ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ಉಬುಂಟು ನಡೆಸುವ ಪೆನ್‌ಡ್ರೈವ್) ಆರಂಭಿಸಿ, ಬೂಟ್ ರಿಪೇರ್ ಎಂಬ ಉಪಕರಣವನ್ನು ಹಾಕಿಕೊಂಡು ಅದರ ರೆಕಮೆಂಡೆಡ್ ರಿಪೇರ್ ಒತ್ತಿ. ಇದಕ್ಕೆ ಅಂತರ್ಜಾಲ ಬೇಕು. ಮುಖ್ಯವಾದ ಮಾತು: ಹಳೆಯ ಸಿಸ್ಟಂ ಯುಇಎಫ್‌ಐ ವಿಧಾನದಲ್ಲಿದ್ದರೆ ಈ ಲೈವ್ ಪೆನ್‌ಡ್ರೈವ್ ಕೂಡ ಯುಇಎಫ್‌ಐ ವಿಧಾನದಲ್ಲಿಯೇ ಏಳಬೇಕು. ಇಲ್ಲವಾದರೆ ತಪ್ಪು ಬಗೆಯ ದುರಸ್ತಿಯಾಗುತ್ತದೆ.

ತಿರುಗುಮುರುಗಾದ ಸಮಸ್ಯೆಯೂ ಬರಬಹುದು: ಲಿನಕ್ಸ್ ಏಳುತ್ತದೆ, ಮುಂದೆ ಯಾವುದೋ ಅಪ್‌ಡೇಟ್ ಆದ ಮೇಲೆ ಗ್ರಬ್ ಮೆನುವಿನಿಂದ ವಿಂಡೋಸ್ ಹೆಸರು ಮಾಯವಾಗುತ್ತದೆ. 2021ರಲ್ಲಿ ಬಂದ ಗ್ರಬ್ 2.06ರಿಂದ ಈಚೆಗೆ, ಬೇರೆ ಸಿಸ್ಟಂಗಳನ್ನು ಹುಡುಕುವ ಓಎಸ್ ಪ್ರೋಬರ್ ಮೂಲ ಸೆಟ್ಟಿಂಗ್‌ನಲ್ಲಿ ನಿಂತಿರುತ್ತದೆ. ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ಓಎಸ್ ಪ್ರೋಬರನ್ನು ನಿಲ್ಲಿಸುವ ಸಾಲಿನ ಬೆಲೆಯನ್ನು ಫಾಲ್ಸ್ ಎಂದು ಬದಲಿಸಿ ಗ್ರಬ್ ಅಪ್‌ಡೇಟ್ ಮಾಡಿದರೆ ಹೆಸರು ಮರಳುತ್ತದೆ.

ಉಳಿದ ಜಾಗ

500ರಿಂದ 1000 ಜಿಬಿಗೆ ಹೋದವರಿಗೆ ಅರ್ಧ ಡಿಸ್ಕ್ ಖಾಲಿಯಾಗಿ ಕೊನೆಯಲ್ಲಿ ಉಳಿದಿರುತ್ತದೆ. ರೆಸ್ಕ್ಯೂಜಿಲ್ಲಾ ಪೆನ್‌ಡ್ರೈವ್‌ನಲ್ಲಿಯೇ ಇರುವ, ಪಾರ್ಟಿಷನ್‌ಗಳನ್ನು ಹೊಂದಿಸುವ ಜಿಪಾರ್ಟೆಡ್ ತೆರೆದರೆ, ಡಿಸ್ಕಿನ ಎಲ್ಲ ಜಾಗವೂ ಬಳಕೆಯಲ್ಲಿಲ್ಲ, ಸರಿಪಡಿಸಲೇ ಎಂದು ಅದು ಕೇಳಬಹುದು. ಫಿಕ್ಸ್ ಎನ್ನಿ. ಜಿಪಿಟಿ ಎಂಬ ಪಾರ್ಟಿಷನ್ ಪಟ್ಟಿಯ ಎರಡನೆಯ ಪ್ರತಿ ಡಿಸ್ಕಿನ ಕಟ್ಟಕಡೆಯಲ್ಲಿರಬೇಕು. ಅದು ಹಳೆಯ ಗಾತ್ರದ ಕೊನೆಯಲ್ಲಿ ಉಳಿದಿರುವುದನ್ನು ಈ ಪ್ರಶ್ನೆ ಸೂಚಿಸುತ್ತದೆ.

ಎಲ್ಲರಿಗೂ ಆಸೆ ಸಿ ಡ್ರೈವ್ ದೊಡ್ಡದಾಗಬೇಕೆಂದು. ಡ್ಯುಯಲ್ ಬೂಟ್ ಡಿಸ್ಕಿನಲ್ಲಿ ಸಿ ಡ್ರೈವಿನ ಪಕ್ಕದಲ್ಲಿಯೇ ಲಿನಕ್ಸ್ ಕುಳಿತಿರುವುದರಿಂದ, ಮೊದಲು ಲಿನಕ್ಸ್ ಪಾರ್ಟಿಷನ್ನನ್ನು ಇಡಿಯಾಗಿ ಬಲಕ್ಕೆ ಸರಿಸಬೇಕಾಗುತ್ತದೆ. ಸಾಧ್ಯವಿದೆ, ಆದರೆ ಮಧ್ಯದಲ್ಲಿ ಕರೆಂಟು ಹೋದರೆ ಆ ಪಾರ್ಟಿಷನ್ ಕೆಡುತ್ತದೆ, ಮತ್ತೆ ರಿಸ್ಟೋರ್ ಮಾಡಬೇಕಾಗುತ್ತದೆ. ಅದಕ್ಕಿಂತ ಖಾಲಿ ಜಾಗದಲ್ಲಿ ಎನ್‌ಟಿಎಫ್‌ಎಸ್ ಬಗೆಯ ಹೊಸ ಪಾರ್ಟಿಷನ್ ಮಾಡಿ, ಧ್ವನಿಮುದ್ರಣ, ಚಿತ್ರ, ವಿಡಿಯೋಗಳನ್ನು ಅಲ್ಲಿಗೆ ಸಾಗಿಸಿ. ಎರಡೂ ಸಿಸ್ಟಂಗಳಿಗೆ ಅದು ಕಾಣುತ್ತದೆ, ಸಿ ಡ್ರೈವೂ ತಾನಾಗಿ ಹಗುರವಾಗುತ್ತದೆ. ಕೊನೆಯಲ್ಲಿರುವುದು ಲಿನಕ್ಸ್ ಪಾರ್ಟಿಷನ್ನೇ ಆಗಿದ್ದರೆ ಅದನ್ನು ಬಲಕ್ಕೆ ಹಿಗ್ಗಿಸುವುದು ಕೆಲವೇ ಕ್ಷಣಗಳ, ಅಪಾಯ ಕಡಿಮೆಯಿರುವ ಕೆಲಸ. ನಡುವೆ ಸ್ವಾಪ್ ಪಾರ್ಟಿಷನ್ (ಮೆಮೊರಿ ಸಾಲದಾಗ ಲಿನಕ್ಸ್ ಬಳಸುವ ಜಾಗ) ಅಡ್ಡ ಬಂದಿದೆಯೆಂದು ಅದನ್ನು ಅಳಿಸಬೇಡಿ. ಅಳಿಸಿದರೆ ಲಿನಕ್ಸ್ ಪ್ರತಿ ಸಲ ಏಳುವಾಗ ಅದಕ್ಕಾಗಿ ಒಂದೂವರೆ ನಿಮಿಷ ಕಾಯುತ್ತ ನಿಲ್ಲುತ್ತದೆ.

ಪರೀಕ್ಷೆ, ಆಮೇಲೆ ಹಳೆಯ ಡಿಸ್ಕ್

ಎರಡೂ ಸಿಸ್ಟಂಗಳು ಎದ್ದವು ಎಂದ ಮಾತ್ರಕ್ಕೆ ಕೆಲಸ ಮುಗಿದಿಲ್ಲ. ವಿಂಡೋಸ್‌ನಲ್ಲಿ ಅತ್ಯಂತ ಹಳೆಯ ನುಡಿ ಕಡತವೊಂದನ್ನು ತೆರೆದು ಒತ್ತಕ್ಷರಗಳು ಸರಿಯಾಗಿವೆಯೇ ನೋಡಿ, ಒಂದು ಪುಟ ಮುದ್ರಿಸಿ. ಲಿನಕ್ಸ್‌ನಲ್ಲಿ ಕನ್ನಡ ಕೀಲಿಮಣೆಗೆ ಬದಲಿಸಿ ನಾಲ್ಕು ಸಾಲು ಬರೆಯಿರಿ, ಶಾಲೆಯ ಐಟಿ ಪಾಠದ ತಂತ್ರಾಂಶಗಳನ್ನು ತೆರೆಯಿರಿ, ಪ್ರೊಜೆಕ್ಟರಿಗೆ ಜೋಡಿಸಿ ನೋಡಿ. ಪ್ರತಿ ಫೋಲ್ಡರಿನಿಂದ ಒಂದೆರಡು ದೊಡ್ಡ ವಿಡಿಯೋಗಳನ್ನು ಕೊನೆಯವರೆಗೆ ಓಡಿಸಿ. ಎಸ್‌ಎಸ್‌ಡಿಗೆ ಬೇಕಾದ ಟ್ರಿಮ್ ಕೆಲಸವನ್ನು (ಅಳಿಸಿದ ಕಡತಗಳ ಜಾಗ ಖಾಲಿಯೆಂದು ಡಿಸ್ಕಿಗೆ ತಿಳಿಸುವುದು) ಉಬುಂಟು ವಾರಕ್ಕೊಮ್ಮೆ ತಾನೇ ಮಾಡುತ್ತದೆ, ವಿಂಡೋಸ್ ಕೂಡ ನೋಡಿಕೊಳ್ಳುತ್ತದೆ. ಎಸ್‌ಎಸ್‌ಡಿಯನ್ನು ಡಿಫ್ರಾಗ್ ಮಾಡುವ ಹಳೆಯ ತಂತ್ರಾಂಶ ಏನಾದರೂ ಇದ್ದರೆ ತೆಗೆದುಹಾಕಿ.

ಹಳೆಯ ಡಿಸ್ಕನ್ನು ಕನಿಷ್ಠ ಒಂದು ತಿಂಗಳು ಮುಟ್ಟದೆ ಇಡಿ. ಪಗಾರದ ಬಿಲ್ಲು, ಪರೀಕ್ಷೆಯ ಅಂಕಪಟ್ಟಿ, ಸಂಘದ ಲೆಕ್ಕ ಹೀಗೆ ತಿಂಗಳಿಗೊಮ್ಮೆ ಬೇಕಾಗುವುದೆಲ್ಲ ಆ ಅವಧಿಯಲ್ಲಿ ಒಮ್ಮೆಯಾದರೂ ತೆರೆಯಬೇಕಾಗಿ ಬರುತ್ತದೆ. ಏನಾದರೂ ಬಿಟ್ಟುಹೋಗಿದ್ದರೆ ಆಗ ಗೊತ್ತಾಗುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಗಳ ಕಪಾಟಿನೊಳಗೂ ಬೂಸ್ಟು ಹಿಡಿಯುವುದರಿಂದ, ಹಳೆಯ ಡಿಸ್ಕನ್ನು ಹೊಸ ಡಿಸ್ಕ್ ಬಂದ ಚೀಲದಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ.

ತಿಂಗಳು ಕಳೆದ ಮೇಲೆ, ಸ್ಮಾರ್ಟ್ ವರದಿ ಚೆನ್ನಾಗಿದ್ದರೆ ಅದಕ್ಕೊಂದು ಯುಎಸ್‌ಬಿ ಕೇಸ್ ಕೊಂಡು ಬ್ಯಾಕಪ್ ಡಿಸ್ಕ್ ಮಾಡಿಕೊಳ್ಳಬಹುದು. ಹಾಗೆ ಮಾಡುವಾಗ ಹೊಸ ಡಿಸ್ಕ್ ಇರುವ ಯಂತ್ರಕ್ಕೆ ಅದನ್ನು ನೇರವಾಗಿ ಜೋಡಿಸದೆ, ಬೇರೊಂದು ಕಂಪ್ಯೂಟರಿನಲ್ಲಿ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡಿಕೊಂಡು ಬನ್ನಿ. ವರದಿ ಚೆನ್ನಾಗಿಲ್ಲದಿದ್ದರೆ ಇ-ತ್ಯಾಜ್ಯವಾಗಿ, ಮನೆಮನೆಯಿಂದ ತ್ಯಾಜ್ಯ ಸಂಗ್ರಹಿಸುವ ಹರಿತ ಕರ್ಮಸೇನೆಗೆ ಕೊಡುವ ಮೊದಲು ಡಿಸ್ಕ್ಸ್ ಉಪಕರಣದಲ್ಲಿ ಇಡೀ ಡಿಸ್ಕಿಗೆ ಸೊನ್ನೆ ಬರೆಯುವ ಆಯ್ಕೆಯಿಂದ ಫಾರ್ಮ್ಯಾಟ್ ಮಾಡಿ. ಬರಿಯ ಡಿಲೀಟ್ ಅಥವಾ ಕ್ವಿಕ್ ಫಾರ್ಮ್ಯಾಟ್ ಮಾಡಿದ ಡಿಸ್ಕಿನಿಂದ ಮಕ್ಕಳ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್ ಯಾರು ಬೇಕಾದರೂ ಮರಳಿ ತೆಗೆಯಬಹುದು.